ಹೊಳೆಯ ಪಕ್ಕದ ಶಾಲೆಗಳು

ಕೊಡಗಿನ ಶಾಲೆಗಳಲ್ಲಿ ನದಿಯ ಬಗ್ಗೆ ಮಕ್ಕಳಿಗೆ ಎರಡು ಪಾಠಗಳಾಗುತ್ತವೆ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆ ಮತ್ತು ಸುಜ್ಯೋತಿಯರನ್ನು ಕೂಡಿಕೊಂಡು ಮುಂದೆ ಹರಿಯುತ್ತಾಳೆ ಎಂಬುದು ಮೊದಲನೆಯದು. ಇದು ಪರೀಕ್ಷೆಗೆ ಬರುತ್ತದೆ. ಹೊಳೆಯ ಕಡೆ ಕಾಲು ಹಾಕಿದರೆ ಕಾಲು ಮುರಿಯುತ್ತೇನೆ ಎಂಬುದು ಎರಡನೆಯದು. ಇದು ಪರೀಕ್ಷೆಗೆ ಬರುವುದಿಲ್ಲ, ಆದರೂ ಸಾಯುವವರೆಗೆ ಮರೆಯುವುದಿಲ್ಲ. ಕುಶಾಲನಗರದ ಸುತ್ತಮುತ್ತಲ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಎರಡನ್ನೂ ನಿಷ್ಠೆಯಿಂದ ಬೋಧಿಸಿದ್ದೇನೆ.

ಎರಡನೆಯ ಪಾಠಕ್ಕೆ ಕಾರಣವಿಲ್ಲದೆ ಇಲ್ಲ. ಜುಲೈ ಬಂತೆಂದರೆ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸುತ್ತಾರೆ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ನಾಪೋಕ್ಲು ರಸ್ತೆಯ ಮೇಲೆ ನೀರು ನಿಲ್ಲುತ್ತದೆ. 2018ರ ಮತ್ತು 2019ರ ಆಗಸ್ಟ್ ತಿಂಗಳನ್ನು ಕಂಡವರಿಗೆ ನೀರಿನ ಮೇಲೆ ಭಕ್ತಿಗಿಂತ ಭಯವೇ ಹೆಚ್ಚು. ಬೇಸಿಗೆಯಲ್ಲಿ ಅದೇ ಹೊಳೆ ಬಂಡೆಗಳ ನಡುವೆ ಸಣಕಲಾಗಿ ಹರಿಯುವಾಗ ಇನ್ನೊಂದು ಬಗೆಯ ಅಪಾಯ: ಮೇಲೆ ಮೊಣಕಾಲುದ್ದ ನೀರು, ಒಂದು ಹೆಜ್ಜೆ ಆಚೆ ಆಳ ಗೊತ್ತಿಲ್ಲದ ಗುಂಡಿ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುವ ಹುಡುಗರನ್ನು ನಾವೆಲ್ಲ ಓದಿದ್ದೇವೆ. ಹಾಗಾಗಿ ಶಾಲೆಯ ಬೇಲಿಯಾಚೆಗೇ ಹೊಳೆ ಹರಿಯುತ್ತಿದ್ದರೂ ನಮ್ಮ ಶಾಲೆಗಳು ಅದಕ್ಕೆ ಬೆನ್ನು ಹಾಕಿ ಕುಳಿತಿವೆ. ದುಬಾರೆಯಲ್ಲಿ ರಬ್ಬರ್ ದೋಣಿ ಹತ್ತುವವರು ಬೆಂಗಳೂರಿನವರು. ಬರಪೊಳೆಯ ನೊರೆಯಲ್ಲಿ ಕಿರುಚುವವರೂ ಅವರೇ. ಊರ ಮಕ್ಕಳು ದಡದಲ್ಲಿ ನಿಂತು ನೋಡುತ್ತಾರೆ.

ಶಾಲೆ ಮತ್ತು ದೋಣಿ ಎಂಬ ಎರಡು ಪದಗಳು ಒಂದೇ ವಾಕ್ಯದಲ್ಲಿ ಬರಬಹುದೆಂಬ ಯೋಚನೆ ನನಗೆ ಬಂದದ್ದು ನನ್ನ ತಂಗಿಯ ಮಗಳಿಂದ. ತಂಗಿಯ ಕುಟುಂಬ ಮೆಲ್ಬರ್ನ್‌ನಲ್ಲಿದೆ. ಹುಡುಗಿ ಅಲ್ಲಿನ ಶಾಲೆಯ ರೋಯಿಂಗ್ ತಂಡಕ್ಕೆ ಸೇರಿದ್ದಾಳೆ. ಬೆಳಗಿನ ಜಾವ ಕತ್ತಲಲ್ಲೇ ಎದ್ದು ನದಿಗೆ ಓಡುವ ಮಗಳನ್ನು ಕಾರಿನಲ್ಲಿ ಬಿಟ್ಟು ಬರುವ ಕೆಲಸ ತಂಗಿಯದು. ಆ ಸಂಕಟವನ್ನು ಅವಳು ನನಗೆ ವಾಟ್ಸ್ಆ್ಯಪ್‌ನಲ್ಲಿ ದಂಡಿಯಾಗಿ ತೋಡಿಕೊಂಡಿದ್ದಾಳೆ. ಒಮ್ಮೆ ವಿಡಿಯೊ ಕರೆಯಲ್ಲಿ ಹುಡುಗಿ, "ಮಾವ, ಇಲ್ಲಿ ನೋಡಿ" ಎಂದು ಎರಡೂ ಅಂಗೈಗಳನ್ನು ಕ್ಯಾಮೆರಾಕ್ಕೆ ಹಿಡಿದಳು. ಬೆರಳುಗಳ ಬುಡದಲ್ಲಿ ಬೊಬ್ಬೆ ಒಡೆದು, ಒಣಗಿ, ಮತ್ತೆ ಅದರ ಮೇಲೆ ಬೊಬ್ಬೆ ಬಂದು ಹಳದಿಗಟ್ಟಿದ ಚರ್ಮ. ವರ್ಷವಿಡೀ ಕತ್ತಿ ಹಿಡಿದು ತೋಟದಲ್ಲಿ ಕಾಡು ಕಡಿಯುವವರ ಕೈ ಹಾಗಿರುತ್ತದೆ. ಹದಿನೈದರ ಹುಡುಗಿ ಅದನ್ನು ಪದಕದ ಹಾಗೆ ತೋರಿಸುತ್ತಿದ್ದಳು.

ಆಮೇಲೆ ಅವಳು ಕಳಿಸಿದ ಒಂದು ವಿಡಿಯೊವನ್ನು ನಾನು ಮತ್ತೆ ಮತ್ತೆ ನೋಡಿದೆ. ಅದರಲ್ಲಿ ಸ್ಪರ್ಧೆ ಇಲ್ಲ. ದೋಣಿಯನ್ನು ಕೊಟ್ಟಿಗೆಯಿಂದ ಹೊರಗೆ ತರುವುದು ಮಾತ್ರ ಇದೆ. ಎಂಟು ಜನ ಹುಟ್ಟು ಹಾಕುವ ದೋಣಿ ಸುಮಾರು 17 ಮೀಟರ್ ಉದ್ದ. ಅಗಲ ಮಾತ್ರ ಒಬ್ಬಳು ಕುಳಿತರೆ ಮುಗಿಯಿತು ಎನ್ನುವಷ್ಟು. ಅಷ್ಟುದ್ದದ ವಸ್ತು ನೂರು ಕಿಲೋ ಕೂಡ ತೂಗುವುದಿಲ್ಲ. ಎಲ್ಲಾದರೂ ತಾಗಿದರೆ ಬಿರುಕು. ತಂಡದಲ್ಲಿ ಎಲ್ಲರಿಗಿಂತ ಕುಳ್ಳಗಿನ ಹುಡುಗಿ ಚುಕ್ಕಾಣಿಯವಳು, ಅವರು ಕಾಕ್ಸ್ ಎನ್ನುತ್ತಾರೆ. ಅವಳು ಒಂದು ಮಾತು ಹೇಳಿದರೆ ಎಂಟೂ ಜನ ದೋಣಿಗೆ ಕೈ ಕೊಡುತ್ತಾರೆ. ಇನ್ನೊಂದು ಮಾತಿಗೆ ಸೊಂಟದ ಮಟ್ಟ, ಮತ್ತೊಂದಕ್ಕೆ ಹೆಗಲು. ಹೆಗಲ ಮೇಲೆ ದೋಣಿ ಹೊತ್ತು, ಕತ್ತು ಒಂದು ಕಡೆಗೆ ವಾಲಿಸಿಕೊಂಡು, ಹೆಜ್ಜೆ ನೋಡಿ ನೋಡಿ ಇಡುತ್ತ ನೀರಿನ ಅಂಚಿಗೆ ನಡೆಯುತ್ತಾರೆ. ತಣ್ಣನೆಯ ನೀರು, ಬರಿಗಾಲು. ದೋಣಿಯನ್ನು ತಲೆಯ ಮೇಲೆತ್ತಿ ತಿರುಗಿಸಿ ನೀರಿಗಿಳಿಸುವಾಗ ಒಂದಿಷ್ಟೂ ಸದ್ದಾಗುವುದಿಲ್ಲ. ತರಗತಿಯಲ್ಲಿ ಬೆಂಚು ಎಳೆಯಬೇಡಿ ಎಂದು ಮೂರು ದಶಕ ಕೂಗಿದ ನನಗೆ ಇದೊಂದು ಪವಾಡದಂತೆ ಕಂಡಿತು.

ಆಮೇಲಿನದು ಎಲ್ಲರೂ ನೋಡಿರುವಂಥದ್ದೇ. ಹುಟ್ಟು ಹಾಕುವವರೆಲ್ಲ ಗುರಿಗೆ ಬೆನ್ನು ಹಾಕಿ ಕೂರುತ್ತಾರೆ. ಕೂರುವ ಹಲಗೆಗೆ ಚಿಕ್ಕ ಗಾಲಿಗಳಿದ್ದು ಅದು ಹಿಂದೆ ಮುಂದೆ ಜಾರುತ್ತದೆ. ಆದ್ದರಿಂದ ನಿಜವಾದ ಬಲ ತೋಳಿನದಲ್ಲ, ಕಾಲಿನದು. ಮುಂದೆ ಏನಿದೆಯೆಂದು ಕಾಣುವುದು ಕಾಕ್ಸ್ ಒಬ್ಬಳಿಗೇ.

ಶಾಲೆಯ ಹುಡುಗರು ದೋಣಿ ಸ್ಪರ್ಧೆಗಿಳಿದ ಚರಿತ್ರೆಯನ್ನು ನಾನು ಓದತೊಡಗಿದ್ದು ಹೀಗೆ. ನಿವೃತ್ತರಿಗೆ ಓದಲು ಪುರುಸೊತ್ತಿಗೇನು ಕೊರತೆ!

ಯಾವ ಶಾಲೆಯೂ ಈ ಆಟವನ್ನು 'ಕಾರ್ಯಕ್ರಮ'ವೆಂದು ಹಾಕಿಕೊಂಡು ಶುರು ಮಾಡಲಿಲ್ಲ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕುವುದು ಹೊಟ್ಟೆಪಾಡಿನ ಕೆಲಸವಾಗಿತ್ತು. ಸೇತುವೆಗಳು ಕಡಿಮೆಯಿದ್ದ ಕಾಲದಲ್ಲಿ ಜನರನ್ನು ದಾಟಿಸುತ್ತಿದ್ದವರು ಅಂಬಿಗರು. ಕಸುಬು ಕಲಿತು ಹೊರಬಂದ ಎಳೆಯ ಅಂಬಿಗರಿಗಾಗಿ ಥಾಮಸ್ ಡಾಗೆಟ್ ಎಂಬ ನಟ 1715ರಲ್ಲಿ ಒಂದು ಸ್ಪರ್ಧೆ ಏರ್ಪಡಿಸಿದ; ಗೆದ್ದವನಿಗೆ ಒಂದು ಕೋಟು, ಒಂದು ಬೆಳ್ಳಿಯ ಬಿಲ್ಲೆ. ಆ ಸ್ಪರ್ಧೆ ಇಂದಿಗೂ ನಡೆಯುತ್ತದೆ. ನದಿಯ ದಂಡೆಯಲ್ಲಿದ್ದ ಈಟನ್, ವೆಸ್ಟ್‌ಮಿನ್ಸ್ಟರ್ ಶಾಲೆಗಳ ಸಿರಿವಂತ ಹುಡುಗರು ಈ ಅಂಬಿಗರನ್ನು ನೋಡಿ, ಅವರ ದೋಣಿಗಳನ್ನು ಬಾಡಿಗೆಗೆ ಹಿಡಿದು ಆಡಿದರು. ವೆಸ್ಟ್‌ಮಿನ್ಸ್ಟರ್ ಹುಡುಗರು 1813ರಿಂದ ತಮ್ಮ ಜಲವಿಹಾರಕ್ಕೆಂದೇ ಒಂದು ದಾಖಲೆ ಪುಸ್ತಕ ಇಟ್ಟಿದ್ದರು. ಯಾರು ಯಾವ ದೋಣಿಯಲ್ಲಿ ಎಲ್ಲಿ ಕುಳಿತರು ಎಂಬುದನ್ನು ಮೇಷ್ಟರು ಹೇಳದೆ ಹುಡುಗರೇ ಬರೆದಿಡುವುದು ನನಗೆ ನಂಬಲು ಕಷ್ಟ, ಆದರೆ ಪುಸ್ತಕ ಇದೆ.

ಈಟನ್‌ನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಮುಖ್ಯೋಪಾಧ್ಯಾಯರಿಗೆ ದೋಣಿ ಕಂಡರೆ ಆಗದು. ನಿಯಮದ ಪ್ರಕಾರ ಹುಡುಗರು ನದಿಗೆ ಹೋಗುವ ಬೀದಿಯಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಹುಡುಗರು ಹೋಗಿಯೇ ಹೋಗುತ್ತಿದ್ದರು. ದಾರಿಯಲ್ಲಿ ಮೇಷ್ಟರು ಎದುರಾದರೆ ಅಂಗಡಿಯೊಳಗೋ ಕಂಬದ ಮರೆಗೋ ಸರಿಯಬೇಕು. ಹಾಗೆ ಸರಿದವನನ್ನು ಮೇಷ್ಟರು ನೋಡಿದರೂ ನೋಡದ ಹಾಗೆ ಹೋಗಬೇಕು. ಇದು ದಶಕಗಟ್ಟಲೆ ನಡೆಯಿತು. ದೋಣಿಗಳಿಗೆ ಹೆಸರುಗಳಿದ್ದವು, ನಾಯಕರಿದ್ದರು, ರಾಜನ ಹುಟ್ಟುಹಬ್ಬಕ್ಕೆ ಜೂನ್ 4ರಂದು ದೋಣಿಗಳ ಮೆರವಣಿಗೆಯೂ ನಡೆಯುತ್ತಿತ್ತು. ಶಾಲೆಯ ಕಡತದಲ್ಲಿ ಮಾತ್ರ ಅಂಥದ್ದೇನೂ ಇರಲಿಲ್ಲ! ನಮ್ಮ ಇಲಾಖೆಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿ ಏನೂ ಕಾಣಿಸಲಾರದು.

1840ರಲ್ಲಿ ಈಟನ್‌ನ ಹುಡುಗನೊಬ್ಬ ನದಿಯಲ್ಲಿ ಮುಳುಗಿ ಸತ್ತ. ನಮ್ಮಲ್ಲಾಗಿದ್ದರೆ ಮುಂದಿನದನ್ನು ನಾನೇ ಬರೆದುಕೊಡಬಲ್ಲೆ: ಒಂದು ಸುತ್ತೋಲೆ, ಒಂದು ಫಲಕ, ಹೊಳೆಯ ಕಡೆಯ ಗೇಟಿಗೆ ಒಂದು ಬೀಗ. ಅಲ್ಲಿ ಆದದ್ದು ಬೇರೆ. ಆಗ ಈಟನ್‌ನಲ್ಲಿ ಖಾಸಗಿ ಬೋಧಕನಾಗಿದ್ದ ಜಾರ್ಜ್ ಸೆಲ್ವಿನ್ ಎಂಬ ಪಾದ್ರಿ ಈಜು ಪರೀಕ್ಷೆಯನ್ನು ತಂದ. ಈಜಿ ತೋರಿಸಿ ತೇರ್ಗಡೆಯಾಗದ ಹುಡುಗ ದೋಣಿ ಹತ್ತುವಂತಿಲ್ಲ. ತೇರ್ಗಡೆಯಾದವನು ಕಂಬದ ಮರೆಗೆ ಸರಿಯಬೇಕಾಗಿಲ್ಲ. ದೋಣಿ ಶಾಲೆಯ ಒಪ್ಪಿಗೆ ಪಡೆದ ಆಟವಾಯಿತು. ಸೆಲ್ವಿನ್‌ಗೆ ನೀರು ಹೊಸದೇನಲ್ಲ; 1829ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವೆ ನಡೆದ ಮೊಟ್ಟಮೊದಲ ದೋಣಿ ಸ್ಪರ್ಧೆಯಲ್ಲಿ ಅವನು ಕೇಂಬ್ರಿಜ್ ಪರವಾಗಿ ಹುಟ್ಟು ಹಾಕಿದ್ದವನು. ಆ ಸ್ಪರ್ಧೆಗೆ ಕಾರಣರಾದವರು ಕೂಡ ಒಂದೇ ಶಾಲೆಯಲ್ಲಿ ಓದಿ ಬೇರೆ ಬೇರೆ ವಿಶ್ವವಿದ್ಯಾಲಯ ಸೇರಿದ ಇಬ್ಬರು ಗೆಳೆಯರು. ಸ್ಪರ್ಧೆ ನಡೆದ ಹೆನ್ಲಿ ಪಟ್ಟಣ 1839ರಲ್ಲಿ ತನ್ನದೇ ದೋಣಿ ಉತ್ಸವ ಆರಂಭಿಸಿತು.

ಈ ಆಟದ ಇಡೀ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಈಜು ಪರೀಕ್ಷೆಯೇ. ದೋಣಿಗಳು ಹಗುರಾದವು, ಹುಟ್ಟಿನ ಆಧಾರ ದೋಣಿಯ ಅಂಚಿನಿಂದ ಹೊರಕ್ಕೆ ಚಾಚಿಕೊಂಡಿತು, ಹಲಗೆ ಜಾರತೊಡಗಿತು. ಅವೆಲ್ಲ ಕುಶಲಕರ್ಮಿಗಳ ಸಾಧನೆ. ಶಾಲೆಯ ಸಾಧನೆ ಎಂದು ಹೇಳಬಹುದಾದದ್ದು ಒಂದೇ: ಒಂದು ಸಾವಿನ ನಂತರ ನೀರಿನಿಂದ ಹುಡುಗರನ್ನು ದೂರ ಇಡುವ ಬದಲು ಅವರಿಗೆ ನೀರನ್ನು ಕಲಿಸಲು ಹೊರಟದ್ದು.

ಹಾಗೆಂದು ಇಂಗ್ಲಿಷರ ಗುಣಗಾನ ಮಾಡಲು ನಾನು ಕುಳಿತಿಲ್ಲ. ಅಂಬಿಗರಿಂದ ಆಟ ಕಲಿತವರು ಮುಂದೆ ಅಂಬಿಗರನ್ನೇ ಹೊರಗಿಟ್ಟರು. 1879ರಲ್ಲಿ ಹೆನ್ಲಿಯವರು ನಿಯಮ ಮಾಡಿ ಕುಶಲಕರ್ಮಿ, ಕೂಲಿ, ಕೈಕೆಲಸದವ ಯಾರೂ ಹವ್ಯಾಸಿ ಆಟಗಾರ ಆಗಲಾರ ಎಂದರು. ತೋಳಿನ ಕೆಲಸ ಮಾಡಿ ಗಟ್ಟಿಯಾದವನ ಜೊತೆ ಸಭ್ಯ ಗೃಹಸ್ಥ ಸ್ಪರ್ಧಿಸುವುದು ಅನ್ಯಾಯವಂತೆ! 1920ರಲ್ಲಿ ಫಿಲಡೆಲ್ಫಿಯಾದ ಜಾನ್ ಕೆಲ್ಲಿಗೆ ಅಲ್ಲಿ ಪ್ರವೇಶ ಸಿಗಲಿಲ್ಲ. ಅವನ ಕ್ಲಬ್ಬಿನ ಮೇಲೆ ಹಳೆಯದೊಂದು ನಿಷೇಧವಿತ್ತು, ಜೊತೆಗೆ ಅವನು ಇಟ್ಟಿಗೆ ಕಟ್ಟಿದವನು. ಅದೇ ವರ್ಷ ಒಲಿಂಪಿಕ್ಸ್‌ನಲ್ಲಿ ಅವನು ಹೆನ್ಲಿಯ ವಿಜೇತನನ್ನೇ ಸೋಲಿಸಿ ಚಿನ್ನ ಗೆದ್ದ. 1936ರಲ್ಲಿ ಬರ್ಲಿನ್‌ಗೆ ಹೊರಟಿದ್ದ ಆಸ್ಟ್ರೇಲಿಯಾದ ತಂಡವನ್ನೂ ಹೆನ್ಲಿಯವರು ಸೇರಿಸಲಿಲ್ಲ. ಅವರೆಲ್ಲ ಪೊಲೀಸರು, ಪೊಲೀಸರೂ ಕೈಕೆಲಸದವರೇ ಎಂಬ ವಾದ. ಆ ಮುಜುಗರದ ಬೆನ್ನಲ್ಲೇ, 1937ರಲ್ಲಿ, ನಿಯಮ ಬಿದ್ದುಹೋಯಿತು. 1947ರಲ್ಲಿ ಕೆಲ್ಲಿಯ ಮಗ ಹೆನ್ಲಿಗೆ ಬಂದು ಅಪ್ಪನಿಗೆ ನಿರಾಕರಿಸಿದ್ದ ಅದೇ ಸ್ಪರ್ಧೆಯನ್ನು ಗೆದ್ದುಕೊಂಡು ಹೋದ. ಪಂಕ್ತಿಭೇದ ನಮಗೇನು ಹೊಸದಲ್ಲವಾದ್ದರಿಂದ ಈ ಭಾಗವನ್ನು ಓದುವಾಗ ನನಗೆ ಪರದೇಶದ ಚರಿತ್ರೆ ಓದುತ್ತಿದ್ದೇನೆ ಅನ್ನಿಸಲಿಲ್ಲ.

ಹೊರಗುಳಿದವರು ಆಟವನ್ನು ಬೇರೆ ಕಡೆಗೆ ಒಯ್ದರು. ಈಟನ್‌ನಲ್ಲಿ ದೋಣಿ ಕಟ್ಟುತ್ತಿದ್ದ ಒಬ್ಬ ಬಡಗಿಯ ಮಗ ಜಾರ್ಜ್ ಪೊಕಾಕ್. ಅಪ್ಪನಿಂದ ಕಸುಬು ಕಲಿತು ಕೆನಡಾಕ್ಕೆ ಹೋಗಿ, ಅಲ್ಲಿಂದ ಸಿಯಾಟಲ್‌ಗೆ ಬಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರಿಗೆ ದೇವದಾರು ಹಲಗೆಯ ದೋಣಿ ಕಟ್ಟಿಕೊಟ್ಟ. 1936ರಲ್ಲಿ ಬರ್ಲಿನ್‌ನಲ್ಲಿ ಎಂಟು ಜನರ ಸ್ಪರ್ಧೆಯ ಚಿನ್ನ ಗೆದ್ದದ್ದು ಆ ದೋಣಿ. ಅದರಲ್ಲಿದ್ದವರಲ್ಲಿ ಹೆಚ್ಚಿನವರು ದುಡಿಯುವ ಮನೆಗಳ ಹುಡುಗರು.

ಆಸ್ಟ್ರೇಲಿಯಾಕ್ಕೆ ಆಟ ಬಹಳ ಬೇಗ ಹೋಯಿತು. ಮೆಲ್ಬರ್ನ್‌ನ ಎರಡು ಶಾಲೆಗಳು, ಮೆಲ್ಬರ್ನ್ ಗ್ರಾಮರ್ ಮತ್ತು ಸ್ಕಾಚ್ ಕಾಲೇಜು, 1868ರಲ್ಲೇ ಯಾರಾ ನದಿಯಲ್ಲಿ ಸೆಣಸಿದವು. ನನ್ನ ಸೋದರಸೊಸೆ ಬೆಳಗಿನ ಜಾವ ಏಳುವ ಪದ್ಧತಿಯ ಬೇರು ಅಲ್ಲಿದೆ. ಆದರೆ ಕೊಡಗಿನವನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯೂಜಿಲೆಂಡ್.

ಎರಡನೇ ಮಹಾಯುದ್ಧದಲ್ಲಿ ನ್ಯೂಜಿಲೆಂಡಿನ ಸೈನಿಕರ ದೊಡ್ಡ ಶಿಬಿರ ಈಜಿಪ್ಟಿನ ಕೈರೋ ಬಳಿಯ ಮಾಡಿ ಎಂಬಲ್ಲಿತ್ತು. ಮರಳುಗಾಡಿನ ಯುದ್ಧದ ನಡುವೆ ಬಿಡುವು ಸಿಕ್ಕಾಗ ಅವರು ನೈಲ್ ನದಿಯಲ್ಲಿ ಹುಟ್ಟು ಹಾಕಿದರು, ಒಂದು ಕ್ಲಬ್ಬನ್ನೂ ಕಟ್ಟಿಕೊಂಡರು, ಕೈರೋದ ಕ್ಲಬ್ಬುಗಳೊಡನೆ ಸ್ಪರ್ಧಿಸಿದರು. ಅವರ ಗೆಲುವಿಗೆ ಯೂಸುಫ್ ಬೇ ಎಂಬ ಈಜಿಪ್ಟಿನ ಗಣ್ಯರೊಬ್ಬರು ಒಂದು ಕಪ್ ಕೊಟ್ಟರು. ಯುದ್ಧ ಮುಗಿಯಿತು. ಬದುಕಿದವರು ಊರಿಗೆ ಬಂದರು. ಕಪ್ಪನ್ನು ಗಾಜಿನ ಕಪಾಟಿನಲ್ಲಿಡದೆ ಪ್ರೌಢಶಾಲೆಗಳ ದೋಣಿ ಸ್ಪರ್ಧೆಗೆ ಬಹುಮಾನವಾಗಿ ಬಿಟ್ಟುಕೊಟ್ಟರು. 1947ರಿಂದ ಅದು ಮಾಡಿ ಕಪ್. ಇಂದು ಅಲ್ಲಿನ ಶಾಲಾ ಕ್ರೀಡೆಗಳಲ್ಲಿ ದೊಡ್ಡ ಕೂಟಗಳಲ್ಲೊಂದು. ವರ್ಷ ಬಿಟ್ಟು ವರ್ಷ ಎರಡು ಸರೋವರಗಳಲ್ಲಿ ನಡೆಯುತ್ತದೆ. ಅಂದ ಹಾಗೆ, ಈಟನ್‌ನಲ್ಲಿ ಈಜು ಪರೀಕ್ಷೆ ತಂದ ಸೆಲ್ವಿನ್ ಮರುವರ್ಷವೇ ನ್ಯೂಜಿಲೆಂಡಿನ ಮೊದಲ ಬಿಷಪ್ ಆಗಿ ನೇಮಕಗೊಂಡ. ಎರಡಕ್ಕೂ ಸಂಬಂಧ ಕಲ್ಪಿಸುವಷ್ಟು ಧೈರ್ಯ ನನಗಿಲ್ಲ.

ಯುದ್ಧದಿಂದ ಮರಳಿದವರು ಊರಿನ ಮಕ್ಕಳಿಗೆ ಆಟ ತಂದುಕೊಡುವುದು ನಮಗೆ ತೀರ ಪರಿಚಿತ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ರಜೆಗೆ ಬಂದ ಸೈನಿಕ ಸಂಜೆ ಮೈದಾನದಲ್ಲಿ ಹುಡುಗರ ಜೊತೆ ಹಾಕಿ ಸ್ಟಿಕ್ ಹಿಡಿಯುವುದನ್ನು ನೋಡದವರಿಲ್ಲ. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಎಂದು ನಾವು ಹೆಸರು ಹೇಳುತ್ತ ಹೋಗಬಲ್ಲೆವು. ಆ ಹೆಸರುಗಳ ಹಿಂದೆ ಏನಿದೆ? ಏರುತಗ್ಗಿನ ಶಾಲಾ ಮೈದಾನಗಳು, ಅಣ್ಣ ಬಿಟ್ಟ ಸ್ಟಿಕ್ಕನ್ನು ಹಿಡಿದ ತಮ್ಮ, ಪೊನ್ನಂಪೇಟೆ ಮತ್ತು ಕೂಡಿಗೆಯ ಕ್ರೀಡಾ ವಸತಿ ನಿಲಯಗಳು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭಿಸಿದಾಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಒಂದು ಆಟ ಊರಿನದಾಗುವುದು ಹೀಗೆ, ಕೈಯಿಂದ ಕೈಗೆ.

ಹಾಗಾದರೆ ನೀರು ಯಾರ ಕೈಯಿಂದ ಯಾರ ಕೈಗೂ ಬರಲಿಲ್ಲವೇಕೆ? ಕಾವೇರಿ ಇಲ್ಲಿ ಎಳೆಯ ನದಿ, ಬಂಡೆ ಜಾಸ್ತಿ, 2,000 ಮೀಟರ್ ನೇರ ನಿಶ್ಚಲ ನೀರು ಎಲ್ಲಿದೆ ಎಂದು ಕೇಳುವವರಿಗೆ ನನ್ನಲ್ಲಿ ಅರ್ಧ ಉತ್ತರವಿದೆ. ಹೊಳೆಯಲ್ಲಿ ಆಗದು, ನಿಜ. ಹಾರಂಗಿ ಜಲಾಶಯದ ಹಿನ್ನೀರಿದೆ. ಮಳೆಗಾಲದಲ್ಲಿ ತುಂಬಿ, 2,859 ಅಡಿ ಮುಟ್ಟಿತೆಂದು ಪತ್ರಿಕೆಗಳಲ್ಲಿ ಬಾಗಿನದ ಚಿತ್ರ ಬಂದ ಮೇಲೆ, ಗದ್ದೆಗಳಿಗೆ ನೀರು ಬಿಟ್ಟು ಮಟ್ಟ ಇಳಿಯುವ ತನಕ ಕೆಲವು ತಿಂಗಳು ಅಲ್ಲಿ ನೀರು ಇದ್ದೇ ಇರುತ್ತದೆ. ಆದರೆ ಈ ಲೆಕ್ಕಾಚಾರವೇ ಮುಖ್ಯವಲ್ಲ ಎಂದು ನನಗೆ ಅನ್ನಿಸಿದ್ದು ನಮ್ಮ ದೇಶದ ರೋಯಿಂಗ್ ಪಟುಗಳ ಊರುಗಳನ್ನು ನೋಡಿದಾಗ.

ಭಾರತದಲ್ಲಿ ಈ ಆಟ ಹಳೆಯದು. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದು, ಮದ್ರಾಸ್ ಬೋಟ್ ಕ್ಲಬ್ 1867ರದು. ಎರಡೂ ಸಾಹೇಬರ ಕ್ಲಬ್ಬುಗಳಾಗಿದ್ದವು. ಆದರೆ 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ರೋಯಿಂಗ್‌ನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ರಾಜಸ್ಥಾನದ ಸೀಕರ್ ಕಡೆಯವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೆಯವರಾಗಿ ಬಂದ ದತ್ತು ಭೋಕನಳ್ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯವರು. ಅಪ್ಪನೊಂದಿಗೆ ಬಾವಿ ತೋಡುವ ಕೆಲಸ ಮಾಡಿದವರು. ಟೋಕಿಯೊದಲ್ಲಿ ಅರವಿಂದ್ ಸಿಂಗ್ ಜೊತೆ ಸ್ಪರ್ಧಿಸಿದ ಅರ್ಜುನ್ ಲಾಲ್ ಜಾಟ್ ಕೂಡ ರಾಜಸ್ಥಾನದವರು. ಇವರೆಲ್ಲ ಸೇನೆ ಸೇರಿದ ಮೇಲೆ ಹುಟ್ಟು ಹಿಡಿದವರು. ಸೇನೆ ನೀರು ತೋರಿಸಿತು, ಈಜು ಕಲಿಸಿತು, ಪುಣೆಯಲ್ಲಿ ದೋಣಿ ಕೊಟ್ಟಿತು. ನೀರೇ ಕಾಣದ ಊರುಗಳಿಂದ ದೋಣಿಯ ಪಟುಗಳು ಬಂದರು. ಕಾವೇರಿಯ ತವರಿನಲ್ಲಿ ಕಲಿತ ಮಕ್ಕಳಲ್ಲಿ ಎಷ್ಟೋ ಮಂದಿ ಎಸ್‌ಎಸ್‌ಎಲ್‌ಸಿ ಮುಗಿದರೂ ಸೊಂಟದ ನೀರಿಗಿಳಿಯಲು ಹೆದರುತ್ತಾರೆ.

ಹಾರಂಗಿ ಕಾವೇರಿಗೆ ಸೇರುವ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ಇದೆ. ಸೈನಿಕ ಶಾಲೆಗಳ ಉದ್ದೇಶವೇ ಮಕ್ಕಳನ್ನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಅಣಿಗೊಳಿಸುವುದು, ಆ ಅಕಾಡೆಮಿ ಇರುವುದು ಖಡಕ್‌ವಾಸ್ಲಾ ಜಲಾಶಯದ ದಂಡೆಯ ಮೇಲೆ. ಅಲ್ಲಿಗೆ ಹೋದವರು ಬೇಕಾದರೂ ಬೇಡವಾದರೂ ನೀರಿಗೆ ಇಳಿಯಲೇಬೇಕು. ಉಳಿದವರ ಪಾಡೇನು ಎಂಬುದು ನನ್ನ ಪ್ರಶ್ನೆ.

ಹುಡುಗಿಯರ ಪಾಡು ಇನ್ನೂ ಒಂದು ಹೆಜ್ಜೆ ಹಿಂದೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರೋಯಿಂಗ್ ಬಂದದ್ದು 1976ರಲ್ಲಿ. ಹೆನ್ಲಿಯಲ್ಲಿ ಶಾಲಾ ಹುಡುಗರ ಎಂಟು ಜನರ ದೋಣಿಗೆ 1946ರಲ್ಲೇ ಒಂದು ಕಪ್ ಇಟ್ಟರು. ಅದೇ ಬಗೆಯ ದೋಣಿಯಲ್ಲಿ ಕಿರಿಯ ಹುಡುಗಿಯರಿಗೆ ಸ್ಪರ್ಧೆ ಇಟ್ಟದ್ದು 2021ರಲ್ಲಿ. ನಡುವೆ 75 ವರ್ಷ. ಸೊಸೆಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ. ಅವಳ ಶಾಲೆಯ ಕೊಟ್ಟಿಗೆಯಲ್ಲಿ ಹುಡುಗಿಯರ ದೋಣಿಗಳೇ ಹೆಚ್ಚಂತೆ.

ಇನ್ನೊಂದು ಸಂಗತಿಯನ್ನು ಮೇಷ್ಟರಾಗಿದ್ದವನು ಹೇಳದೆ ಬಿಡಲಾರ. ಸತತ ಐದು ಒಲಿಂಪಿಕ್ಸ್‌ಗಳಲ್ಲಿ, 1984ರಿಂದ 2000ದವರೆಗೆ, ಚಿನ್ನ ಗೆದ್ದ ಸ್ಟೀವ್ ರೆಡ್‌ಗ್ರೇವ್ ಓದಿದ್ದು ಈಟನ್‌ನಲ್ಲಲ್ಲ, ಥೇಮ್ಸ್ ದಂಡೆಯ ಮಾರ್ಲೊ ಎಂಬ ಊರಿನ ಸರ್ಕಾರಿ ಶಾಲೆಯಲ್ಲಿ. ಅಕ್ಷರ ಓದಲು ತೊಡಕಿದ್ದ ಹುಡುಗ. ಅವನನ್ನು ದೋಣಿ ಹತ್ತಿಸಿದ್ದು ತರಬೇತುದಾರರಲ್ಲ, ಆ ಶಾಲೆಯ ಇಂಗ್ಲಿಷ್ ಮೇಷ್ಟರು, ಫ್ರಾನ್ಸಿಸ್ ಸ್ಮಿತ್. ಪಾಠದಲ್ಲಿ ಹಿಂದುಳಿದ ಹುಡುಗನ ಕೈಕಾಲುಗಳ ಅಳತೆಯನ್ನು ಗಮನಿಸುವ ಭಾಷಾ ಶಿಕ್ಷಕ ಪ್ರತಿ ಶಾಲೆಗೊಬ್ಬ ಇದ್ದರೆ ಸಾಕು.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ನಾನು ಹಳೆಯ ಸಹೋದ್ಯೋಗಿ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಮನೆಗೆ ಹೋದೆ. ನನಗಿಂತ ಚಿಕ್ಕವರು, ಇನ್ನೂ ಸೇವೆಯಲ್ಲಿದ್ದಾರೆ. ಸೆಲ್ವಿನ್ ಕಥೆಯನ್ನು ಪೂರ್ತಿ ಕೇಳಿಸಿಕೊಂಡು ಅವರು ಹೇಳಿದರು: "ಸರ್, ಅಲ್ಲಿ ಹುಡುಗ ಮುಳುಗಿದಾಗ ಈಜು ಪರೀಕ್ಷೆ ಶುರುವಾಯಿತು ಎನ್ನುತ್ತೀರಿ. ಇಲ್ಲಿ ಹುಡುಗ ಮುಳುಗಿದರೆ ಶುರುವಾಗುವುದು ಇಲಾಖಾ ವಿಚಾರಣೆ."

ಇದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಹೊಳೆಗೆ ಮಕ್ಕಳನ್ನು ಕರೆದೊಯ್ಯಿರಿ ಎಂದು ಪಿಂಚಣಿ ಪಡೆಯುವವನು ಹೇಳುವುದು ಸುಲಭ. ನಾನು ಹಾರಂಗಿಯ ಹಿನ್ನೀರನ್ನೂ ಹದಿನೇಳು ಮೀಟರಿನ ದೋಣಿಯನ್ನೂ ಅಲ್ಲಿಯೇ ಬಿಟ್ಟೆ. ಈಜು ಮಾತ್ರ ಉಳಿಯಿತು. ಅವರೇ ಒಂದು ದಾರಿ ತೋರಿಸಿದರು. ಕೊಡಗಿನಲ್ಲಿ ಈಜುಕೊಳಗಳಿಗೆ ಬರವಿಲ್ಲ. ಎಲ್ಲ ರೆಸಾರ್ಟ್‌ಗಳಲ್ಲೂ ಇವೆ. ವಾರಾಂತ್ಯದಲ್ಲಿ ಪ್ರವಾಸಿಗರಿಂದ ತುಂಬಿರುತ್ತವೆ, ಮಂಗಳವಾರ ಬುಧವಾರ ನೀಲಿ ನೀರು ಸುಮ್ಮನೆ ಇರುತ್ತದೆ. ಅವರ ಜೊತೆ ಹಾಕಿ ಆಡುತ್ತಿದ್ದವರೊಬ್ಬರು ಈಗ ಅಂಥದ್ದೊಂದನ್ನು ನಡೆಸುತ್ತಾರೆ. ಕೇಳಿದರೆ ಕೊಡಬಹುದು. ಡಿಸೆಂಬರ್ ಬೆಳಿಗ್ಗೆ ಯಾವ ಮಗುವೂ ಆ ನೀರಿಗೆ ಇಳಿಯಲಾರದು, ಮಧ್ಯಾಹ್ನವೇ ಆಗಬೇಕು. ಏಪ್ರಿಲ್, ಮೇ ಬೇಡ, ಪ್ರವಾಸಿಗರ ಕಾಲ, ಶಾಲೆಗೂ ರಜೆ. ಹೆಣ್ಣುಮಕ್ಕಳಿಗೆ ಕಲಿಸಲು ಒಬ್ಬ ಶಿಕ್ಷಕಿ ಬೇಕು. ಹೀಗೆ ಅವರು ಹಾಕಿ ಪಂದ್ಯಾವಳಿಯ ವೇಳಾಪಟ್ಟಿ ಹೆಣೆದಂತೆಯೇ ಹೆಣೆಯುತ್ತ ಹೋದರು. ಕೊನೆಗೆ, "ಪೋಷಕರ ಒಪ್ಪಿಗೆ ಪತ್ರ ಮಾತ್ರ ನೀವು ಬರೆದುಕೊಡಿ, ನನ್ನ ಕನ್ನಡ ಕಚೇರಿಗೆ ಸಾಲದು" ಎಂದರು.

ಪತ್ರ ಬರೆದುಕೊಟ್ಟೆ. ಪೋಷಕರ ಸಭೆಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಹೊಳೆ, ಪ್ರವಾಹ, ಅಪಾಯ ಎಂದು ವಾದ ಏಳಬಹುದೆಂದು ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ. ಯಾರೂ ಅದನ್ನು ಕೇಳಲಿಲ್ಲ. ಮುಂದಿನ ಸಾಲಿನ ತಾಯಿಯೊಬ್ಬರು ಎದ್ದು ನಿಂತು, ಬುಧವಾರ ಮಧ್ಯಾಹ್ನ ಗಣಿತದ ವಿಶೇಷ ತರಗತಿ ಇದೆಯಲ್ಲ, ಅದನ್ನು ಯಾವಾಗ ಮಾಡುತ್ತೀರಿ ಎಂದು ಕೇಳಿದರು. ಅರ್ಧ ಗಂಟೆ ಚರ್ಚೆ ನಡೆದದ್ದು ಅದರ ಮೇಲೆಯೇ. ಮುಖ್ಯೋಪಾಧ್ಯಾಯಿನಿ ಗಣಿತವನ್ನು ಶನಿವಾರಕ್ಕೆ ಹಾಕಲು ಒಪ್ಪಿದ್ದಾರೆ. ಗಣಿತದ ಮೇಷ್ಟರು ಇನ್ನೂ ಒಪ್ಪಿಲ್ಲ.